ಬೇರು ಮೇಸ್ತ್ರಿಯ ಮಣ್ಣು

"ಅಲ್ಲೇ ನಿಲ್ಲು," ಎಂದು ಸತ್ತವನ ಹೆಂಡತಿ ಬಾಗಿಲಿಗೆ ಕೈ ಅಡ್ಡ ಹಿಡಿದಳು. "ಮೂರು ವರ್ಷ ಈ ಕಡೆ ತಲೆ ಹಾಕದವನು ಇವತ್ತೇನು ನೋಡೋಕೆ ಬಂದೆ?"

"ಸತ್ತಿದ್ದು ಖಾತ್ರಿನಾ ಅಂತ ನೋಡೋಕೆ, ಅತ್ತಿಗೆ," ಎಂದ ಮೈದುನ.

ಅಂಗಳದಲ್ಲಿದ್ದವರು ಬಾಗಿಲ ಕಡೆ ತಿರುಗಿದರು. ಯಾರ ಕಣ್ಣೂ ಒದ್ದೆಯಾಗಿರಲಿಲ್ಲ. ಒಳಗೆ ಮಲಗಿದ್ದವನು ರಬ್ಬರ್ ತೋಟಗಳ ರೋಗ ನೋಡುತ್ತಿದ್ದ ಮೇಸ್ತ್ರಿ. ಅವನು ಗುದ್ದಲಿ ಹಿಡಿದು ಬೇಲಿ ದಾಟಿದರೆ ಮರ ಉಳಿಯದು ಎಂದು ಎಲ್ಲರೂ ಬೇರು ಮೇಸ್ತ್ರಿ ಎನ್ನುತ್ತಿದ್ದರು.

"ನನ್ನ ಅರ್ಧ ತೋಟ ನುಂಗಿದ ಪುಣ್ಯಾತ್ಮ," ಎಂದ ಪಕ್ಕದ ತೋಟದವನು. "ಇನ್ನು ಮಣ್ಣಿನ ಕೆಳಗೇ ಕೂತು ಬೇರು ನೋಡಲಿ ಬಿಡು."

*

ಮೂರು ವರ್ಷದ ಹಿಂದೆ, ಮೇಸ್ತ್ರಿಯ ಈ ತಮ್ಮನ ತೋಟದ ಅಂಚಿನ ಮರವೊಂದರ ಬುಡ ಅಗೆದಾಗ ಬೇರಿನ ಮೇಲೆ ಬಿಳಿ ನೂಲಿನಂಥ ಬೂಷ್ಟು ಹಬ್ಬಿತ್ತು.

"ಬೇರಿಂದ ಬೇರಿಗೆ ದಾಟತ್ತೆ. ಸುತ್ತಲಿನ ಮರಾನೂ ತೆಗೆದು, ಬೇರು ಸುಟ್ಟು, ಕಂದಕ ತೋಡಬೇಕು," ಎಂದ ಅಣ್ಣ.

"ಹಾಲು ಕೊಡೋ ಮರಾನಾ? ಹಸಿರು ಎಲೆ ಕಣ್ಣಿಗೆ ಕಾಣಲ್ವಾ?"

"ಎಲೆ ಸುಳ್ಳು ಹೇಳತ್ತೆ ಕಣೋ."

ಹೆಂಡತಿಯ ಹೆರಿಗೆಗೆಂದು ತಮ್ಮ ಆಸ್ಪತ್ರೆಯಲ್ಲಿದ್ದಾಗ ಅಣ್ಣ ಆಳುಗಳನ್ನು ಕರೆತಂದು ಮರಗಳನ್ನು ಉರುಳಿಸಿದ. ಕೂಸನ್ನು ಎತ್ತಿಕೊಂಡು ಮರಳಿದ ತಮ್ಮ ಕಂಡದ್ದು ಹೊಗೆಯಾಡುವ ಬೇರಿನ ರಾಶಿ. ಅದರಲ್ಲಿ ಬೂಷ್ಟಿಲ್ಲದ ಬೇರುಗಳೂ ಇದ್ದವು. ಅವನ್ನಷ್ಟೇ ಅವನು ನೆನಪಿಟ್ಟುಕೊಂಡ.

*

ಹಿತ್ತಲಲ್ಲಿ, ಬೇಲಿ ಪಕ್ಕದ ಒಂಟಿ ರಬ್ಬರ್ ಮರದ ಕೆಳಗೆ ಮೇಸ್ತ್ರಿಗೆ ಗುಂಡಿ ತೋಡುತ್ತಿದ್ದವನು ಕೂಗಿದ: "ಅಮ್ಮಾ, ಸ್ವಲ್ಪ ಇಲ್ಲಿ ಬನ್ನಿ."

ಗುಂಡಿಗೆ ಅಡ್ಡ ಬಂದಿದ್ದ ಬೇರಿನ ಮೈತುಂಬ ಬಿಳಿ ನೂಲು.

ಅತ್ತಿಗೆಯ ಹಿಂದೆಯೇ ಬಂದ ತಮ್ಮ ಜೋರಾಗಿ ನಕ್ಕ. "ನನ್ನದಕ್ಕೆ ಕೊಡಲಿ, ತನ್ನದಕ್ಕೆ ಬೇಲಿ! ಎಂಥಾ ನ್ಯಾಯ!"

"ಅವರು ಕಡೀತೀನಿ ಅಂದ್ರು. ನಾನು ಬಿಡಲಿಲ್ಲ," ಎಂದಳು ಅತ್ತಿಗೆ. "ತೀರಿಹೋದ ನಮ್ಮ ಮಗೂನ ಈ ನೆರಳಲ್ಲೇ ಮಲಗಿಸ್ತಿದ್ದೆ. ಮರ ಮುಟ್ಟಿದ್ರೆ ಬಾವಿಗೆ ಹಾರ್ತೀನಿ ಅಂದೆ. ಅವತ್ತಿಂದ ಅವರು ಹಿತ್ತಲಿಗೇ ಕಾಲಿಡಲಿಲ್ಲ."

ತಮ್ಮನ ನಗು ನಿಂತಿತು, ಸಿಟ್ಟು ನಿಲ್ಲಲಿಲ್ಲ. "ಹಾಗಾದ್ರೆ ಅವನು ಹೇಡಿ."

"ಹೌದು. ನನ್ನ ಮುಂದೆ ಮಾತ್ರ."

ಅವಳು ಶೆಡ್ಡಿನಿಂದ ಎರಡು ಹಿಡಿಯ ಗರಗಸ ಎಳೆದು ತಂದಳು. "ಈ ಬೇರಿನ ಜೊತೆ ಅವರನ್ನ ಮಲಗಿಸಲ್ಲ."

ಹೊತ್ತು ತಂದವರು ಹೆಣವನ್ನು ಹುಲ್ಲಿನ ಮೇಲೆ ಇಳಿಸಿ ದೂರ ನಿಂತರು. ಗರಗಸದ ಇನ್ನೊಂದು ತುದಿಗೆ ಯಾರೂ ಬರಲಿಲ್ಲ. ಕೊನೆಗೆ ತಮ್ಮನೇ ಅಂಗಿಯ ತೋಳು ಮಡಚಿ ಅದನ್ನು ಹಿಡಿದ.

ಗರಗಸವನ್ನು ಮರದ ಬುಡಕ್ಕಿಟ್ಟು ಅವಳು ಎಳೆದಳು. ಅವನು ಎಳೆದ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತೊಗಟೆಯಿಂದ ಒಸರಿದ ಹಾಲು ಗರಗಸದ ಹಲ್ಲುಗಳನ್ನು ತೋಯಿಸಿ, ಇಬ್ಬರ ಪಾದಗಳ ನಡುವೆ ತೊಟ್ಟಿಕ್ಕತೊಡಗಿತು.