ಪಟ ಹಿಡಿದವನು

ಬಿತ್ತನೆಯ ದಿನ ರಾಗಿಯ ಮೊರಕ್ಕೆ ಗುರುಮಲ್ಲಮ್ಮ ಕೈ ಚಾಚಿದಳು. ಅತ್ತೆ ಚಿಕ್ಕನಿಂಗಮ್ಮ ಮೊರವನ್ನು ಸರಕ್ಕನೆ ಎಳೆದುಕೊಂಡಳು.

"ಮುಟ್ಬ್ಯಾಡ ಕಣಮ್ಮಿ. ಬರೀ ಹೆಣ್ಣೆತ್ತೋಳ ಕೈಲಿ ಬೀಜ ಮೊಳೀತದಾ?"

ಮೂರನೆಯ ಮಗಳು ಹುಟ್ಟಿದಾಗಿನಿಂದ ಆ ಮನೆಯ ಕಟ್ಟಳೆ ಇದು. ಗುರುಮಲ್ಲಮ್ಮ ಈಗ ಮತ್ತೆ ಐದು ತಿಂಗಳ ಬಸುರಿ. ಇನ್ನೊಂದು ಹೆರಿಗೆಯಾದರೆ ಜೀವಕ್ಕೇ ಕುತ್ತು ಎಂದು ಡಾಕ್ಟರಮ್ಮ ಹೇಳಿ ನಾಲ್ಕು ವರ್ಷವಾಗಿತ್ತು. ಗಂಡ ನಿಂಗರಾಜು ಆಪರೇಷನ್ ಮಾತೆತ್ತಿದಾಗ ಚಿಕ್ಕನಿಂಗಮ್ಮ ಅನ್ನ ಬಿಟ್ಟು ಕೂತಿದ್ದಳು.

"ವಂಶ ಮುರಿಯಕ್ ಓಗ್ತೀಯೇನ್ಲಾ? ಇವಳ ಹೊಟ್ಟೇಲಿ ಗಂಡಿಲ್ದಿದ್ರೆ ಬುಡು, ಇನ್ನೊಬ್ಳ ತರನ."

ನಿಂಗರಾಜು ತೆರಕಣಾಂಬಿಯ ಹೈಸ್ಕೂಲಿನಲ್ಲಿ ಜವಾನ. ಹತ್ತನೇ ಕ್ಲಾಸಿನ ಗೋಡೆಯ ಮೊಳೆ ಉದುರಿಹೋಗಿದ್ದರಿಂದ ವಿಜ್ಞಾನದ ಪಟವನ್ನು ಅವನೇ ಹಿಡಿದು ನಿಲ್ಲಬೇಕು. ಹನ್ನೊಂದು ವರ್ಷದಿಂದ ಹಿಡಿದಿದ್ದ. ಈ ವರ್ಷ ಮುಂದಿನ ಬೆಂಚಿನಲ್ಲಿ ಹಿರಿಮಗಳು ಶಿವರಂಜಿನಿ ಕೂತಿದ್ದಳು.

"ಗಂಡಸಿನ ಮೈಯ ಒಂದು ಕೋಶ ಒಡೆದು ನಾಲ್ಕು ವೀರ್ಯಾಣು ಆಗ್ತವೆ," ಎಂದರು ಮಹಾಲಕ್ಷ್ಮಮ್ಮ ಮೇಡಂ, ಪ್ರತಿ ವರ್ಷದಂತೆ. "ಎರಡರಲ್ಲಿ ಎಕ್ಸ್, ಎರಡರಲ್ಲಿ ವೈ. ತಾಯಿಯ ಅಂಡದಲ್ಲಿ ಯಾವಾಗಲೂ ಎಕ್ಸೇ. ವೈ ಬಂದು ಸೇರಿದರೆ ಗಂಡು, ಎಕ್ಸ್ ಸೇರಿದರೆ ಹೆಣ್ಣು. ಯಾವುದು ಸೇರ್ತದೆ ಅನ್ನೋದು ಅಪ್ಪನ ಕೈಲೂ ಇಲ್ಲ. ತಾಯಿಯನ್ನ ಬೈಯೋರಿಗೆ ಇದನ್ನ ಹೇಳಿ."

ಶಿವರಂಜಿನಿ ಅದೇ ಸಂಜೆ ಹೇಳಿದಳು. ಅಜ್ಜಿ ಕೆನ್ನೆಗೆ ಬಾರಿಸಿದಳು. "ಇಂಥ ಮಾತು ಕಲಿಯಕ್ಕಾ ಸ್ಕೂಲಿಗೆ ಓಗದು, ನಾಚ್ಕೆಗೆಟ್ಟೋಳೆ?"

ಗುರುಮಲ್ಲಮ್ಮ ಗಂಡನ ಕಡೆ ತಿರುಗಿದಳು. "ಮಗಳು ಹೇಳ್ತಿರೋದು ದಿಟವಾ?"

ಚಿಕ್ಕನಿಂಗಮ್ಮ ಮಗನನ್ನೇ ನೋಡುತ್ತಿದ್ದಳು. "ಪುಸ್ತಕದಾಗೆ ಏನೇನೋ ಬರೀತಾರೆ," ಎಂದ ನಿಂಗರಾಜು.

ರಾಗಿ ತೆನೆ ಕಟ್ಟುವ ಹೊತ್ತಿಗೆ ನೋವು ಬಂತು. ಜೀಪು ಗುಂಡ್ಲುಪೇಟೆ ಆಸ್ಪತ್ರೆ ಮುಟ್ಟುವ ಮೊದಲೇ ಸೀಟೆಲ್ಲ ನೆತ್ತರು. ಮಗಳ ತೊಡೆಯ ಮೇಲೆ ತಲೆಯಿಟ್ಟಿದ್ದ ಗುರುಮಲ್ಲಮ್ಮ ಮತ್ತೊಮ್ಮೆ ಗಂಡನನ್ನು ಕೇಳಿದಳು. "ಅವತ್ತು ರಂಜಿನಿ ಹೇಳಿದ್ಲಲ್ಲ... ದಿಟವಾ?"

"ಸುಮ್ಕೆ ಮನಿಕೊ."

ಹುಟ್ಟಿದ್ದು ಹೆಣ್ಣು, ಅದು ಬದುಕಿತು; ಗುರುಮಲ್ಲಮ್ಮ ಉಳಿಯಲಿಲ್ಲ.

ತಿಥಿಯ ಎಲೆ ಎತ್ತಿದ ಕೈಯಲ್ಲೇ ಚಿಕ್ಕನಿಂಗಮ್ಮ ಮಗನ ಮುಂದೆ ಕೂತಳು. "ಭೀಮನಬೀಡಲ್ಲಿ ಒಂದು ಹುಡುಗಿ ಅವ್ಳೆ. ಅವರವ್ವಂಗೆ ಇವಳೊಬ್ಳ ಬುಟ್ರೆ ಐದೂ ಗಂಡೇ. ನಾಳೆ ಹೋಗನ."

"ಬ್ಯಾಡ ಕಣವ್ವ. ಸತ್ತೋದವಳಲ್ಲಿ ಏನೂ ಕುಂದಿರ್ಲಿಲ್ಲ. ಗಂಡೋ ಹೆಣ್ಣೋ ಅನ್ನೋದು ಗಂಡಸ್ರ ಕಡೆಯಿಂದ ಬರೋದು."

"ಗಂಟೆ ಹೊಡಿಯಕ್ ಹೋದೋನು ಮೇಷ್ಟ್ರಾಗಿ ಬಂದವ್ನೆ. ಯಾವಾಗ ಕಲ್ತೆಲಾ ಇದ?"

"ಹನ್ನೊಂದು ವರ್ಷ ಆಯ್ತು."

ಮೂಲೆಯಲ್ಲಿ ಶಿವರಂಜಿನಿ ಒಳಲೆಯಲ್ಲಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಕೈ ನಿಂತಿತು.

"ಅವ್ವ ಕೇಳಿದ್ಲಲ್ಲಪ್ಪ, ಎರಡು ಸಲ."

ಅಪ್ಪನ ಉತ್ತರಕ್ಕೆ ಮಗಳು ಕಾಯಲಿಲ್ಲ, ಕೂಸಿನ ಗಲ್ಲ ಒರೆಸಿ, ಒಳಲೆಯನ್ನು ಮತ್ತೆ ಅದರ ಬಾಯಿಗಿಟ್ಟಳು.