ಒಂಬತ್ತನೇ ಮಹಡಿಗೆ ಒಬ್ಬಳೇ

ಬಾಗಿಲು ಕೂಡಿಕೊಳ್ಳುವ ಹೊತ್ತಿಗೂ ಮಗಳು ಇತ್ತ ಬೆನ್ನು ಹಾಕಿ ಲಿಫ್ಟಿನ ಕನ್ನಡಿಯಲ್ಲಿ ಮುಂಗುರುಳು ತೀಡಿಕೊಳ್ಳುತ್ತಲೇ ಇದ್ದಳು, ಕನ್ನಡಿಯೊಳಗಿಂದಾದರೂ ಒಮ್ಮೆ ತಾಯಿಯನ್ನು ನೋಡಬಾರದಿತ್ತೇ, ಎಂಟು ವರ್ಷಕ್ಕೇ ಇಷ್ಟು ಜಂಬ — ಒಂದು, ಎರಡು, ಬಾಗಿಲ ಮೇಲಿನ ಕೆಂಪು ಅಂಕಿ ಏರುತ್ತಿದೆ, ಒಂಬತ್ತರಲ್ಲಿ ಅಜ್ಜಿ ಕಾಯುತ್ತಿದ್ದಾಳೆ, ಒಬ್ಳೇ ಹೋಗ್ತೀನಮ್ಮ, ನೀನು ಬರ್ಬೇಡ, ಮೆಟ್ಲು ಹತ್ಕೊಂಡು ಓಡಿ ಬಂದ್ರೆ ಮಾತೇ ಆಡ್ಸಲ್ಲ — ಹೋಗು ಎಂದವಳು ಕೆಳಗೆ ನಿಂತಿರುವ ಇವಳೇ, ಮಕ್ಕಳು ತಮ್ಮ ಕಾಲ ಮೇಲೆ ನಿಲ್ಲಬೇಕು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳೂ ಇವಳೇ, ಈಗ ಅನುಭವಿಸು. ಹೆದರಲು ಏನಿದೆ, ಈ ಲಿಫ್ಟಿನ ಮೆಕ್ಯಾನಿಕ್ಕೇ ಇವಳು, ಮೊನ್ನೆ ತಾನೇ ಅದರ ನೆತ್ತಿಯ ಮೇಲೆ ಕೂತು ಉಕ್ಕಿನ ಹಗ್ಗಗಳನ್ನು ಒಂದೊಂದಾಗಿ ನೋಡಿದ್ದಾಳೆ, ಒಂದು ಹರಿದರೆ ಉಳಿದವು ಹಿಡಿಯುತ್ತವೆ, ಎಲ್ಲ ಹರಿದರೂ ಬ್ರೇಕು ಕಚ್ಚಿಕೊಳ್ಳುತ್ತದೆ — ಮೂರು, ನಾಲ್ಕು — ಬೆಳಿಗ್ಗೆ ಹಲ್ಲುಜ್ಜುವ ನೊರೆ ಬಾಯಲ್ಲೇ ಮಗಳ ಪ್ರಶ್ನೆ, ಅಜ್ಜಿ ದೇವ್ರು ಇದಾನೆ ಅಂತಾರೆ, ನೀನೇನಂತೀಯ, ನಾನು ಹಗ್ಗ ಇದೆ ಅಂತೀನಿ, ಅದನ್ನ ನೋಡಿದೀನಿ, ದೇವ್ರನ್ನ ನೋಡಿಲ್ಲ, ನೀನೇ ಯೋಚ್ನೆ ಮಾಡು — ಎಂಥ ಜಾಣ ಉತ್ತರ ಕೊಟ್ಟೆ ಎಂದು ಹಿಗ್ಗಿದ್ದೇ ಹಿಗ್ಗಿದ್ದು.

ಐದು. ಆರು. ಆರು. ಆರರಲ್ಲೇ ನಿಂತಿತಲ್ಲ, ಮಗಳು ಒಂಬತ್ತು ಒತ್ತಿದ್ದನ್ನು ಕಣ್ಣಾರೆ ನೋಡಿದ್ದಾಳೆ, ಯಾರೋ ಹತ್ತುತ್ತಿರಬಹುದು, ಹತ್ತಲು ಇಷ್ಟು ಹೊತ್ತೇ — ಮೇಲೆ ಕಾಯುತ್ತಿರುವ ತನ್ನ ಅಮ್ಮನಿಗೆ ಇದೆಲ್ಲ ಎಷ್ಟು ಸಲೀಸಾಗಿತ್ತು, ದೇವ್ರ ಮೇಲೆ ಭಾರ ಹಾಕಿದೀನಿ ಹೋಗು, ಎಂದು ಕೈ ಮುಗಿದು ಇವಳನ್ನು ಕೆಲಸ ಕಲಿಯಲು ಕಳಿಸಿ, ಒಳಗೆ ಹೋಗಿ ಗೊರಕೆ ಹೊಡೆದವಳು, ಭಾರ ಇಳಿಸಲು ಅವಳಿಗೊಂದು ಜಾಗವಿತ್ತು, ಇವಳು ಎಲ್ಲಿ ಇಳಿಸಬೇಕು, ಹಗ್ಗದ ಮೇಲೆಯೇ, ನಿಜ ಹೇಳಬೇಕೆಂದರೆ ಲಿಫ್ಟನ್ನು ಎತ್ತುವುದರಲ್ಲಿ ಅರ್ಧ ಪಾಲು ಹಿಂದುಗಡೆ ಇಳಿಯುವ ಕಬ್ಬಿಣದ ತೂಕದ್ದು, ಒಳಗಿರುವವರಿಗೆ ಅದು ಕಾಣುವುದೇ ಇಲ್ಲ, ಹಾಗಾದರೆ — ಥೂ, ತಲೆ ಎಲ್ಲೆಲ್ಲಿಗೋ ಓಡುತ್ತದೆ, ಇನ್ನೂ ಆರು, ಕಾಪಾಡಪ್ಪ, ಯಾರು ಅಂದದ್ದು, ತುಟಿ ಇವಳದೇ, ಕಾಪಾಡಪ್ಪ, ಯಾವ ಅಪ್ಪ, ವಿಳಾಸವಿಲ್ಲದ ಅರ್ಜಿ — ಏಳು. ಎಂಟು. ಒಂಬತ್ತು. ಫೋನು, ಅಮ್ಮನದು, ಬಂದ್ಳು ಕಣೇ, ಆರನೇ ಮಹಡಿ ಮೇಷ್ಟ್ರು ಊರುಗೋಲು ಊರ್ಕೊಂಡು ಹತ್ತೋವರೆಗೂ ಬಾಗ್ಲು ಹಿಡ್ಕೊಂಡು ನಿಂತಿದ್ಳಂತೆ, ನಿಂಗೆ ಫೋನ್ ಮಾಡು ಅಂದ್ಳು, ಅಮ್ಮ ಹೆದರ್ಕೊಂಡಿರ್ತಾಳೆ ಅಂತ. ಹೆದರಿಕೆಯೇ, ಯಾರಿಗೆ, ಎಂದು ನಕ್ಕದ್ದಾಯಿತು, ಮಗಳು ಬರಬೇಡ ಎಂದಿದ್ದಾಳೆ, ಆದರೂ ಬೆರಳು ಗುಂಡಿ ಒತ್ತಿಬಿಟ್ಟಿದೆ, ಅಂಕಿ ಇಳಿದು ಬಂತು, ಬಾಗಿಲು ತೆರೆಯಿತು, ಒಳಗೆ ಯಾರೂ ಇಲ್ಲ, ಎದುರಿಗೆ ಕನ್ನಡಿ, ಕನ್ನಡಿಯಲ್ಲಿ ಒಬ್ಬ ಹೆಂಗಸು, ಎರಡು ಅಂಗೈ ನಡುವೆ ಫೋನು, ಯಾರಿಗೆ ಎಂದು ಕೇಳಲು ಬಾಯಿ ತೆರೆದರೆ ಅವಳೂ ತೆರೆದಳು, ಗ್ರೀಸು ಮೆತ್ತಿದ ಕೈ, ಮುಗಿದ ಕೈ, ಇನ್ನೂ ಮುಗಿದೇ ಇರುವ ಕೈ —