ಪಟ್ಟಿಯ ಕೊನೆಯ ವಾರ್ಡು

ಜನಸಂಖ್ಯಾ ಕಚೇರಿಯಲ್ಲಿ ಅವಳಿಗೆ ಟೋಟಲಮ್ಮ ಎಂದೇ ಹೆಸರು. ಅವಳ ಕೈಯಲ್ಲಿ ಮೊತ್ತ ತಪ್ಪಿದ್ದನ್ನು ಕಂಡವರಿಲ್ಲ. ತಪ್ಪದಂತೆ ಹೇಗೆ ನೋಡಿಕೊಳ್ಳುತ್ತಾಳೆ ಎಂದು ಕೇಳಿದವರೂ ಇಲ್ಲ.

ದೇಶದ ಜನ ಈ ವರ್ಷ ಎಷ್ಟು, ಅದರಲ್ಲಿ ಈ ನಗರದ ಪಾಲೆಷ್ಟು ಎಂಬ ಅಂಕಿ ಮೇಲಿನಿಂದ ಬರುತ್ತಿತ್ತು. ಅವಳು ಅರವತ್ತೆರಡು ವಾರ್ಡುಗಳ ಹಿಂದಿನ ವರ್ಷದ ಲೆಕ್ಕಕ್ಕೆ ಹುಟ್ಟಿದವರನ್ನು ಕೂಡಿಸಿ, ಸತ್ತವರನ್ನು ಕಳೆದು ಪಟ್ಟಿ ಮಾಡುತ್ತಿದ್ದಳು. ಎರಡೂ ತಾಳೆಯಾದ ದಿನವೇ ಇಲ್ಲ. ಅವಳದು ಯಾವಾಗಲೂ ಮುನ್ನೂರೋ ನಾನೂರೋ ಹೆಚ್ಚು. ಮೊದಲ ವರ್ಷ ಆ ಹೆಚ್ಚುವರಿಯನ್ನು ಅರವತ್ತೆರಡನೇ ವಾರ್ಡಿನಿಂದ ಕಳೆದುಬಿಟ್ಟಳು. ಮೊತ್ತಕ್ಕೆ ಅಂಟಿಕೊಂಡೇ ಇದ್ದ ಸಾಲು, ಕೈಗೆ ಹತ್ತಿರ. ಮರುವರ್ಷವೂ ಅಲ್ಲಿಂದಲೇ ಕಳೆದಳು. ಹೀಗೆ ಹನ್ನೊಂದು ವರ್ಷ ನಡೆಯಿತು, ಯಾರೂ ಚಕಾರ ಎತ್ತಲಿಲ್ಲ.

ಹನ್ನೆರಡನೆಯ ವರ್ಷ ಅವಳ ಮೇಜಿಗೆ ಆದೇಶವೊಂದರ ಪ್ರತಿ ಬಂತು. ಅರವತ್ತೆರಡನೇ ವಾರ್ಡಿನ ಜನ ಮೂವತ್ತು ಸಾವಿರಕ್ಕಿಂತ ಕಡಿಮೆಯಾದ್ದರಿಂದ ಅಲ್ಲಿನ ಹೆರಿಗೆ ಕೇಂದ್ರವನ್ನು ಸೋಮವಾರದಿಂದ ಮುಚ್ಚಲಾಗುವುದು. ಆ ಕೇಂದ್ರದ ನರ್ಸು ಅವಳ ಒಡಹುಟ್ಟಿದ ಅಕ್ಕ. ಅಕ್ಕ ಆಗಲೇ ಫೋನು ಮಾಡಿ, ಬೆಂಚಿನಲ್ಲಿ ಕೂರಲು ಜಾಗವಿಲ್ಲದೆ ಬಸುರಿಯರು ನಿಂತಿರುವಾಗ ಜನ ಕಡಿಮೆ ಎನ್ನುವ ನಿಮ್ಮ ಕಚೇರಿಗೆ ಕಣ್ಣಿಲ್ಲವೇ ಎಂದು ಹಿಗ್ಗಾಮುಗ್ಗಾ ಬೈದಿದ್ದಳು.

ಟೋಟಲಮ್ಮ ಹಳೆಯ ಕಡತಗಳನ್ನು ಬಿಚ್ಚಿ ತಾನು ಕಳೆದದ್ದನ್ನೆಲ್ಲ ಕೂಡಿಸಿದಳು. ನಾಲ್ಕು ಸಾವಿರದ ಇನ್ನೂರ ಹದಿನಾರು ಜನ.

ಸಾಹೇಬರ ಮುಂದೆ ಹೋಗಿ ತಪ್ಪು ಒಪ್ಪಿಕೊಂಡಳು. ಅವರಿಗೆ ಸಿಟ್ಟೇ ಬರಲಿಲ್ಲ, ಅದು ಇನ್ನೂ ಹೊಟ್ಟೆ ಉರಿಸಿತು.

"ಆ ವಾರ್ಡಿಗೆ ಸೇರಿಸ್ಬೇಕಾ, ಸೇರಿಸಿ. ಆದ್ರೆ ಒಟ್ಟು ಅಂಕಿ ಮೇಲಿನಿಂದ ಬಂದಾಯ್ತು, ಅದನ್ನ ಮುಟ್ಟೋ ಹಾಗಿಲ್ಲ. ಯಾವ ವಾರ್ಡಿಂದ ತೆಗೀತೀರಿ ಅನ್ನೋದನ್ನ ಐದು ಗಂಟೆಯೊಳಗೆ ಹೇಳಿ" ಎಂದರು.

ಎಲ್ಲ ವಾರ್ಡುಗಳಿಂದ ಎಪ್ಪತ್ತೆಪ್ಪತ್ತು ಜನರನ್ನು ತೆಗೆದು ನೋಡಿದಳು. ಹದಿನೇಳನೇ ವಾರ್ಡಿನ ಶಾಲೆ ಹಾರಿಹೋಯಿತು. ಅದನ್ನು ಬಿಟ್ಟು ಉಳಿದವುಗಳ ಮೇಲೆ ಹೇರಿದರೆ ನಲವತ್ತನೆಯದಕ್ಕೆ ಬರಬೇಕಿದ್ದ ನೀರಿನ ಟ್ಯಾಂಕು ಇಲ್ಲವಾಯಿತು. ಹಾಳಾದ್ದು, ಒಂದೊಂದು ಸವಲತ್ತಿಗೂ ಇಷ್ಟು ಜನ ಇರಲೇಬೇಕೆಂದು ಒಂದೊಂದು ಗೆರೆ ಎಳೆದಿಟ್ಟಿದ್ದರು. ಎಲ್ಲಿ ಕೈ ಇಟ್ಟರೂ ಯಾರದೋ ಬುಡಕ್ಕೆ ಬರುತ್ತಿತ್ತು. ಇರುವ ಜನರನ್ನು ಇದ್ದಾರೆ ಎಂದು ಬರೆಯಲು ಇಷ್ಟು ತಿಣುಕಬೇಕೇ ಎಂದು ಅವಳಿಗೆ ರೋಸಿಹೋಯಿತು. ಕೊನೆಗೆ ಯಾರನ್ನೂ ಕಳೆಯದೆ, ಮೊತ್ತ ತಪ್ಪಿದ ಪಟ್ಟಿಯನ್ನೇ ಸಾಹೇಬರ ಮೇಜಿನ ಮೇಲಿಟ್ಟಳು. ಅವಳ ಕೆಲಸದಲ್ಲಿ ಅದೇ ಮೊದಲ ಸಲ.

ಸಾಹೇಬರು ಕನ್ನಡಕ ಏರಿಸಿ ನೋಡಿದರು. ಪೆನ್ನು ತೆಗೆದು, ಹೆಚ್ಚಾಗಿದ್ದಷ್ಟನ್ನೂ ಕೊನೆಯ ಸಾಲಿನಿಂದ ಕಳೆದು ರುಜು ಹಾಕಿದರು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಬೈಯೋಣವೆಂದರೆ ಯಾವ ಬಾಯಿಂದ ಬೈಯುವುದು? ಹನ್ನೊಂದು ವರ್ಷ ಅವಳಿಗೂ ಅಷ್ಟೇ ಹೊತ್ತು ಹಿಡಿದಿತ್ತು.

ಶನಿವಾರ ಬೆಳಿಗ್ಗೆ ಕೇಂದ್ರಕ್ಕೆ ಹೋಗಿ, ಔಷಧಿ ಕೋಣೆಯಲ್ಲಿ ಅಕ್ಕನಿಗೆ ಎಲ್ಲವನ್ನೂ ಹೇಳಿದಳು. ಅಕ್ಕ ಕಿರುಚಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಕೈತೊಳೆದು, ಒರೆಸಿಕೊಂಡು, ತಂಗಿಯ ಮುಖ ನೋಡದೆ ಮಾತಾಡಿದಳು.

"ಸೋಮವಾರದಿಂದ ಎಲ್ಲಿಗೆ ಹೋಗ್ಬೇಕು ಅಂತ ಹೊರಗಿರೋರಿಗೆ ನೀನೇ ಹೇಳು. ನನ್ನ ಕೈಲಾಗಲ್ಲ ಕಣೇ."

ಹೊರಗೆ ಬೆಂಚು ತುಂಬಿ, ಗೋಡೆಯುದ್ದಕ್ಕೂ ಹೆಂಗಸರು ಒರಗಿ ನಿಂತಿದ್ದರು. ಇನ್ನು ಮೇಲೆ ಐವತ್ತೆಂಟನೇ ವಾರ್ಡಿನ ಆಸ್ಪತ್ರೆಗೆ ಹೋಗಬೇಕು, ಎರಡು ಬಸ್ಸು ಬದಲಾಯಿಸಬೇಕು ಎಂದು ಟೋಟಲಮ್ಮ ಅವರಿಗೆ ಹೇಳಿದಳು. ದಿನ ತುಂಬಿದ ಹೆಂಗಸೊಬ್ಬಳು ಸೊಂಟ ಹಿಡಿದುಕೊಂಡು ಮುಂದೆ ಬಂದು, ಯಾಕೆ ಮುಚ್ಚುತ್ತಾರೆ ಎಂದು ಕೇಳಿದಳು. ಇಲ್ಲಿ ಜನ ಕಡಿಮೆಯಂತೆ ಎಂದಳು ಟೋಟಲಮ್ಮ.

ಆ ಹೆಂಗಸು ಬೆಂಚನ್ನೂ ಗೋಡೆಯನ್ನೂ ಒಮ್ಮೆ ನೋಡಿದಳು.

"ಯಾರಮ್ಮ ಎಣಿಸಿದ್ದು?"

"ನಾನೇ."